ಗಾಳಿ ‘ಆಡೋದು’, ಗಾಳಿ ‘ಹಾಯೋದು’: ಕಂಪ್ಯೂಟರಿಗೆ ಯಾವುದು?

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನಲ್ಲಿ ನಮ್ಮ ಬಡಾವಣೆಯ ವಾಚನಾಲಯದಲ್ಲಿ ಆರು ಕಂಪ್ಯೂಟರುಗಳಿವೆ. ಏಪ್ರಿಲ್ ಬಂತೆಂದರೆ ಕಾದು ಕಾದು ತಾವಾಗಿಯೇ ಆಫ್ ಆಗುತ್ತವೆ. ಫ್ಯಾನೇ ಬೇಡ ಅನ್ನುತ್ತಿದ್ದ ಊರಿದು. 2016ರ ಏಪ್ರಿಲ್ 24ರಂದು 39.2 ಡಿಗ್ರಿ ಮುಟ್ಟಿತು. ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಗಾಳಿ ಹೇಗೆ ಓಡಾಡಬೇಕು, ಧೂಳು ಯಾವಾಗ ಒರೆಸಬೇಕು ಅಂತ ಒಂದು ಪುಟದಲ್ಲಿ ಬರೆದುಕೊಡಿ, ಗೋಡೆಗೆ ಅಂಟಿಸೋಣ ಅಂತ ವಾಚನಾಲಯದವರು ಅಂದರು. ಸುಮ್ನೆ ಹೂಂ ಅಂದೆ. ಮೊದಲ ಸಾಲಿಗೇ ಸಿಕ್ಕಿಹಾಕಿಕೊಂಡೆ.

ನಾನು ಬರೆದದ್ದು: ‘ಕಂಪ್ಯೂಟರನ್ನು ಆರಿಸಲು ಒಳಗೆ ಫ್ಯಾನುಗಳಿವೆ.’ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಓದಿ, ‘ಅಂಕಲ್, ಆರರಲ್ಲಿ ಯಾವುದನ್ನ ಆರಿಸಬೇಕು?’ ಅಂದಳು. ಅವಳ ತಮ್ಮ, ‘ಅಯ್ಯೋ, ಆರಿಸೋದು ಅಂದ್ರೆ ಆಫ್ ಮಾಡೋದು ಕಣೇ’ ಅಂದ. ಇಬ್ಬರೂ ಸರಿ. ತಪ್ಪಿದವನು ನಾನು.

ಆದರೂ ಈ ಪದ ಬಿಡೋಕೆ ನನಗೆ ಮನಸ್ಸಿಲ್ಲ. ಫ್ಯಾನು ಮಾಡುವ ಕೆಲಸಕ್ಕೆ ಇದಕ್ಕಿಂತ ಸರಿಯಾದ ಮಾತು ಕನ್ನಡದಲ್ಲಿ ಇಲ್ಲ. ಕೋಣೆಯಲ್ಲಿ 34 ಡಿಗ್ರಿ ಇದ್ದರೆ ಎಷ್ಟೇ ಫ್ಯಾನು ಹಾಕಿ, ಪ್ರೊಸೆಸರ್ 34ಕ್ಕಿಂತ ಕೆಳಗೆ ಇಳಿಯೋದಿಲ್ಲ. ಫ್ಯಾನು ತಂಪನ್ನು ಹುಟ್ಟಿಸೋದಿಲ್ಲ, ಬಿಸಿಯನ್ನು ಹೊತ್ತು ಆಚೆ ಹಾಕುತ್ತೆ, ಅಷ್ಟೇ. ಲೋಟದ ಕಾಫಿ ಆರೋದೂ ಹೀಗೇ ಅಲ್ವಾ? ಆರಿ ಆರಿ ಕೋಣೆಯ ಬಿಸಿಗೆ ಬಂದು ನಿಲ್ಲುತ್ತೆ, ಐಸ್ ಆಗೋದಿಲ್ಲ. ‘ತಂಪು ಮಾಡು’ ಅಂದರೆ ನನಗೆ ಫ್ರಿಜ್ಜು ನೆನಪಾಗುತ್ತೆ. ‘ತಣಿಸು’ ಪರವಾಗಿಲ್ಲ, ಆದರೆ ಅದರಲ್ಲಿ ದಾಹ, ಕೋಪ, ಮನಸ್ಸು ಎಲ್ಲ ಬಂದು ಕೂರುತ್ತವೆ. (ಹಳೆಗನ್ನಡದಲ್ಲಿ ಈ ಆರುವ ಆಱು ಶಕಟರೇಫದ್ದು, ಅಂದರೆ ಱ ಅನ್ನೋ, ಈಗ ಬಿಟ್ಟುಹೋದ ಅಕ್ಷರದ್ದು; ತಮಿಳಿನಲ್ಲಿ ಇಂದಿಗೂ ಹಾಗೇ ಇದೆ. ಆ ಅಕ್ಷರ ನಮ್ಮಲ್ಲಿ ಉಳಿದಿದ್ದರೂ ಹುಡುಗಿಯ ತಮ್ಮ ಬಿಡುತ್ತಿರಲಿಲ್ಲ, ದೀಪ ಆರೋದೂ ಅದೇ ಆಱು.) ಸದ್ಯಕ್ಕೆ ‘ಬಿಸಿ ಆರಲು’ ಅಂತ ತಿದ್ದಿದ್ದೇನೆ. ‘ಬಿಸಿ’ ಸೇರಿಸಿದರೆ ಯಾರೂ ಸ್ವಿಚ್ಚಿಗೆ ಕೈ ಹಾಕೋದಿಲ್ಲ.

ಫ್ಯಾನಿಗೆ ಫ್ಯಾನು ಅಂತಲೇ ಇಟ್ಟೆ. ಬೀಸಣಿಗೆ ಅಂದರೆ ಅಜ್ಜಿಯ ಕೈ ಕಾಣುತ್ತೆ.

ಈಗ ನಿಜವಾದ ಪ್ರಶ್ನೆ. ಪೆಟ್ಟಿಗೆಯೊಳಗೆ ಗಾಳಿ ಮುಂದಿನಿಂದ ಬಂದು, ಬಿಸಿ ಹೊತ್ತು, ಹಿಂದಿನಿಂದಲೋ ಮೇಲಿನಿಂದಲೋ ಹೋಗಬೇಕು. ಇದಕ್ಕೆ ಏನನ್ನೋಣ? ನಮ್ಮ ಗುಂಪಿನಲ್ಲಿ ಒಬ್ಬರು ‘ವಾಯುಪ್ರವಾಹ’ ಅಂದರು. ಹವಾಮಾನ ವರದಿ ಕೇಳಿದ ಹಾಗಾಯಿತು. ‘ಗಾಳಿಯಾಟ’ ನನಗೂ ಮೊದಲು ಇಷ್ಟವಾಗಿತ್ತು. ಗಾಳಿ ಆಡಲಿ ಅಂತ ಕಿಟಕಿ ತೆಗೆಯುವವರು ನಾವು. ಅದು ಯಾಕೆ ಸಾಲದು ಅಂತ ಗೊತ್ತಾದದ್ದು ನಮ್ಮ ಮನೆಯ ಕಂಪ್ಯೂಟರಿನಿಂದ.

ಕಂಪ್ಯೂಟರ್ ಬಿಡಿಭಾಗ ಸಿಗುವ ನಮ್ಮೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ 120 ಮಿಲಿಮೀಟರಿನ ಫ್ಯಾನೊಂದನ್ನು ಹಿಂಬದಿಗೆ ಹಾಕಿಸಿದ್ದೆ. ಮನೆಗೆ ತಂದ ಮೇಲೆ ಸದ್ದು ಜಾಸ್ತಿ, ಬಿಸಿಯೂ ಜಾಸ್ತಿ. ವಿಡಿಯೋ ಕೆಲಸ ಹಚ್ಚಿದರೆ 91 ಡಿಗ್ರಿ. ಇನ್ನೊಂದಿಷ್ಟು ಏರಿದರೆ ಪ್ರೊಸೆಸರ್ ತಾನೇ ವೇಗ ತಗ್ಗಿಸಿಕೊಳ್ಳುತ್ತೆ, ಸಾಮಾನ್ಯವಾಗಿ 95ರಿಂದ 100ರ ಹತ್ತಿರ. ಮಂಡ್ಯದ ಕಡೆಯಿಂದ ಮಾವ ಬಂದಿದ್ದರು. ದೇವರ ಮನೆಯಿಂದ ಊದುಬತ್ತಿ ಹಚ್ಚಿ ತಂದು ಪೆಟ್ಟಿಗೆಯ ಮುಂದೆ ಹಿಡಿದೆವು. ಹೊಗೆ ಒಳಗೆ ಹೋಯಿತು. ಹಿಂದೆ ಹಿಡಿದೆವು. ಅಲ್ಲೂ ಒಳಗೇ ಹೋಯಿತು! ಮೇಲಿನ ಜಾಲರಿಗೆ ಕೈ ಇಟ್ಟರೆ ಸಣ್ಣಗೆ ಬಿಸಿ, ಗಾಳಿ ಬಂದೂ ಬಾರದ ಹಾಗೆ.

ಮಾವ ಹೇಳಿದ್ದು ಇಷ್ಟೇ: ‘ಗಾಳಿ ಆಡ್ತದೆ ಅಳಿಯಂದ್ರೇ, ಹಾಯ್ತಾ ಇಲ್ಲ.’

ಫ್ಯಾನಿನ ಎರಡು ಮಗ್ಗುಲು ಒಂದೇ ಅಲ್ಲ. ನಡುವಿನ ಮೋಟಾರನ್ನು ಹಿಡಿದ ಕಡ್ಡಿಗಳು ಯಾವ ಕಡೆ ಇವೆಯೋ ಆ ಕಡೆಗೆ ಗಾಳಿ ಹೊರಡುತ್ತೆ. ನಮ್ಮದರಲ್ಲಿ ಕಡ್ಡಿಗಳು ಒಳಗಿದ್ದವು. ನಾಲ್ಕು ಸ್ಕ್ರೂ ಬಿಚ್ಚಿ ತಿರುಗಿಸಿ ಹಾಕಿದೆ. ಅದೇ ಕೆಲಸಕ್ಕೆ 79 ಡಿಗ್ರಿ. (ಊದುಬತ್ತಿಯ ಊದು ನಮ್ಮ ಊದುವ ಊದು ಅಲ್ಲ. ಅರಬ್ಬಿಯ ಊದ್, ಅಗರು ಮರ. ಆದರೆ ಆ ದಿನ ಎರಡೂ ಒಂದೇ ಅನ್ನಿಸಿತು.)

ಮಾವನ ‘ಹಾಯು’ ನನ್ನ ತಲೆಯಲ್ಲೇ ಉಳಿಯಿತು. ಅವರು ಗದ್ದೆಗೆ ನೀರು ಹಾಯಿಸಿದವರು. ಒಂದು ಕಡೆ ತೂಬು ತೆಗೆದು, ಇನ್ನೊಂದು ಕಡೆ ನೀರು ಹೋಗೋಕೆ ಬದು ಕಡಿದು, ನಡುವೆ ಎಲ್ಲ ಪಾತಿಗೂ ಮುಟ್ಟುವ ಹಾಗೆ ನೋಡಿಕೊಳ್ಳೋದು. ಕೊಂಡ ಹಾಯೋದೂ ಇದೇ: ಈ ತುದಿಯಲ್ಲಿ ಇಳಿದು ಆ ತುದಿಯಲ್ಲಿ ಏಳಬೇಕು, ನಡುವೆ ನಿಲ್ಲೋ ಹಾಗಿಲ್ಲ. ಆಡೋದಕ್ಕೆ ದಿಕ್ಕಿಲ್ಲ, ಹಾಯೋದಕ್ಕೆ ಇದೆ. ಅದಕ್ಕೇ ‘ಗಾಳಿಹರಿವು’ ಕೂಡ ನನಗೆ ಒಪ್ಪಿಗೆ ಇಲ್ಲ. ನೀರು ಇಳಿಜಾರು ಸಿಕ್ಕರೆ ತಾನೇ ಹರಿಯುತ್ತೆ, ಹಾಯಿಸೋಕೆ ಒಬ್ಬರು ಬೇಕು. ಪೆಟ್ಟಿಗೆಯಲ್ಲಿ ಆ ಒಬ್ಬರು ಫ್ಯಾನು.

ಹಾಗಂತ ‘ಗಾಳಿಹಾಯಿಕೆ’ ಅಂತ ನಾಮಪದ ಹೊಸೆಯುವ ಹಟ ನನಗಿಲ್ಲ. ‘ಗಾಳಿ ಹಾಯುವಂತಿರಲಿ’, ‘ವೈರುಗಳು ಗಾಳಿ ಹಾಯುವ ದಾರಿಗೆ ಅಡ್ಡ ಬಾರದಿರಲಿ’ ಅಂತ ಬರೆದೆ. ಯಾರೂ ತಡವರಿಸಲಿಲ್ಲ.

ಒಳಬರುವ ಕಡೆಗೆ ‘ಒಳಬಾಯಿ’, ಹೊರಹೋಗುವ ಕಡೆಗೆ ‘ಹೊರಬಾಯಿ’ ಅಂತ ಇಟ್ಟಿದ್ದೇನೆ. ಇದರಲ್ಲಿ ನನಗೇ ಪೂರ್ತಿ ನಂಬಿಕೆ ಇಲ್ಲ. ಇನ್ನೊಂದು ತೊಡಕೂ ಇದೆ. ಒಳಗೆ ನೂಕುವ ಗಾಳಿ ಹೊರಗೆ ಹಾಕುವುದಕ್ಕಿಂತ ಸ್ವಲ್ಪ ಜಾಸ್ತಿ ಇದ್ದರೆ ಸಂದಿಗೊಂದಿಗಳಿಂದ ಗಾಳಿ ಆಚೆಗೇ ಹೋಗುತ್ತೆ. ಆಗ ಧೂಳು ಜಾಲರಿಯಲ್ಲೇ ನಿಲ್ಲುತ್ತೆ, ಒರೆಸೋದು ಸುಲಭ. ಕಡಿಮೆಯಾದರೆ ಪ್ರತಿ ಸಂದಿಯೂ ಧೂಳು ಹೀರುತ್ತೆ. ರಸ್ತೆ ಅಗೆಯದ ದಿನವೇ ಇಲ್ಲದ ಈ ಊರಲ್ಲಿ ಇದು ಸಣ್ಣ ಮಾತಲ್ಲ. ಈ ಎರಡು ಸ್ಥಿತಿಗೆ ‘ಉಬ್ಬಿದ ಪೆಟ್ಟಿಗೆ’, ‘ಹೀರುವ ಪೆಟ್ಟಿಗೆ’ ಅಂದರೆ ನಗುತ್ತೀರಾ?

ರಾಮನಗರ, ಶಿಡ್ಲಘಟ್ಟದ ಕಡೆಯವರು ಯಾರಾದರೂ ಇದ್ದರೆ ಒಂದು ವಿಷಯ ತಿಳಿಸಿ. ರೇಷ್ಮೆಹುಳು ಸಾಕುವ ಮನೆಗೆ ಬೇಸಿಗೆಯಲ್ಲಿ ಗಾಳಿ ಬೇಕೇ ಬೇಕಲ್ಲ, ಅಲ್ಲಿ ಗೋಡೆಯ ಕೆಳಗೆ ಗಾಳಿ ಬರೋಕೆ ಬಿಡುವ ಕಿಂಡಿಗೂ, ಸೂರಿನ ಹತ್ತಿರ ಬಿಸಿ ಹೋಗೋಕೆ ಬಿಡುವ ಕಿಂಡಿಗೂ ಮನೆಯವರು ಬೇರೆ ಬೇರೆ ಹೆಸರು ಹೇಳುತ್ತಾರಾ? ಹೇಳಿದರೆ ನನ್ನ ಒಳಬಾಯಿ, ಹೊರಬಾಯಿ ಎರಡನ್ನೂ ಇವತ್ತೇ ಅಳಿಸುತ್ತೇನೆ. ಕಾಗದ ಶನಿವಾರ ಗೋಡೆಗೆ ಹೋಗುತ್ತೆ.