ಅಪ್‌ಡೇಟ್: ಇಟಾಲಿಯನ್‌ನಲ್ಲಿ ‘ಪೆನ್ಸಾವೊ ಕೆ’ ಆದಮೇಲೆ ಯಾವ ರೂಪ?

‘ಪೆನ್ಸಾವೊ ಕೆ’ (‘...ಅಂತ ಅಂದುಕೊಂಡಿದ್ದೆ’; ‘ಕೆ’ ಅಂದರೆ ‘ಅಂತ’) ಆದಮೇಲೆ ಕ್ರಿಯಾಪದ ಯಾವ ರೂಪದಲ್ಲಿರಬೇಕು ಅಂತ ಕೇಳಿದ್ದೆನಲ್ಲ, ಬಗೆಹರಿಯಿತು. ‘ಮೊದಲು ಮುಖ್ಯವಾಕ್ಯದ (ಇಲ್ಲಿ ‘ಪೆನ್ಸಾವೊ’) ಕಾಲ ನೋಡಿ’ ಅಂದವರ ಸಲಹೆಯೇ ಕೆಲಸಕ್ಕೆ ಬಂತು. ಅದು ಭೂತಕಾಲವಾಗಿದ್ದರೆ, ‘ವೆನೀರೆ’ (ಬರು) ಕ್ರಿಯಾಪದದಲ್ಲಿ ಅದೇ ಹೊತ್ತಿನ ಬರುವಿಕೆಗೆ ‘ವೆನಿಸ್ಸೆ’, ಅದಕ್ಕೂ ಮುಂಚಿನದಕ್ಕೆ ‘ಫೊಸ್ಸೆ ವೆನೂತೊ’, ಆಮೇಲಿನದಕ್ಕೆ ‘ಸರೆಬ್ಬೆ ವೆನೂತೊ’. ಎಡವೋದು ಹೆಚ್ಚಾಗಿ ಈ ಕೊನೆಯದರಲ್ಲೇ: ಇಂಗ್ಲಿಷಿನ ‘would come’ ಗುಂಗಿನಲ್ಲಿ ‘ವೆರ್ರೆಬ್ಬೆ’ ಅಂತ ಬರೆದರೆ ತಪ್ಪು.

‘ಕೆ ಬಂದರೆ ಕಣ್ಣುಮುಚ್ಚಿ ಕೊಂಜುಂತೀವೊ ಹಾಕಿ’ ಅನ್ನೋ ಸಲಹೆ ನಡೆಯಲಿಲ್ಲ. (ಕೊಂಜುಂತೀವೊ ಅಂದರೆ ಅನಿಸಿಕೆ, ಆಸೆಯಂಥ ಮಾತಿಗೆ ಬಳಸೋ ಕ್ರಿಯಾರೂಪ; ಮೇಲಿನ ‘ವೆನಿಸ್ಸೆ’ ಅಂಥದ್ದೇ.) ‘ಸೊ ಕೆ’ (ಗೊತ್ತು) ಆದಮೇಲೆ ಸಾದಾ ‘ವಿಯೆನೆ’ (ಬರುತ್ತಾನೆ) ಸಾಕು, ಖಾತ್ರಿ ಇದೆಯಲ್ಲ.

ನಿರೀಕ್ಷಿಸದೇ ಸಿಕ್ಕಿದ್ದು: ‘ವೊಲ್ಯೊ ಕೆ ತು ವೆಂಗಾ’ (ನೀನು ಬರಬೇಕು ಅಂತ ನನ್ನಿಷ್ಟ), ಆದರೆ ‘ವೊರ್ರೆಯಿ ಕೆ ತು ವೆನಿಸ್ಸಿ’ (ನೀನು ಬಂದರೆ ಚೆನ್ನಾಗಿತ್ತು ಅಂತ ನನ್ನಾಸೆ). ನೀನು ಬರಬೇಕಾದ್ದು ನಾಳೆಯೇ ಆದರೂ ‘ವೊರ್ರೆಯಿ’ ಕೇಳೋದು ಭೂತಕಾಲದ ಕೊಂಜುಂತೀವೊ!