ಸಹಾಯ ಬೇಕು: ಅಪ್ಪನನ್ನು ಕುರ್ಚಿಯಿಂದ ಎಬ್ಬಿಸೋದು ಹೇಗೆ?

ನಮಸ್ಕಾರ. ನಮ್ಮಪ್ಪನಿಗೆ 74. ಸಾಗರದ ಹತ್ತಿರ ಅಡಿಕೆ ತೋಟದಲ್ಲಿ ಬೆಳಿಗ್ಗೆ ಕತ್ತಿ ಹಿಡಿದು ಹೊರಟರೆ ಊಟದ ಹೊತ್ತಿಗೇ ಮನೆಗೆ ಬರುತ್ತಿದ್ದವರು, ಅಮ್ಮ ಹೋದ ಮೇಲೆ ಬೆಂಗಳೂರಿಗೆ ನಮ್ಮ ಜೊತೆ ಬಂದು, ಈಗ ಎಂಟು ತಿಂಗಳಿಂದ ಟಿವಿ ಮುಂದೆ ಕೂತೇ ಇದ್ದಾರೆ. ಏಳುವಾಗ ಎರಡೂ ಕೈ ಊರಿ, ಒಮ್ಮೆ ಹಿಂದಕ್ಕೆ ಕುಸಿದು, ಮತ್ತೆ ಏಳುತ್ತಾರೆ. ಮೊದಲು ಹೀಗಿರಲಿಲ್ಲ.

ವಾಕಿಂಗ್ ಹೋಗಿ ಅಂದರೆ "ಕೆಲಸ ಇಲ್ಲದೆ ಸುಮ್ನೆ ಸುತ್ತೋಕೆ ನಾನೇನು ಬೀದಿ ನಾಯಿನಾ" ಅಂತಾರೆ. ಅದೂ ಒಂದು ರೀತಿ ಸರಿನೇ, ಅಲ್ವಾ?

ಡಾಕ್ಟರು ಬಿಪಿ, ಶುಗರ್ ಪರವಾಗಿಲ್ಲ, ಕಾಲಿನ ಶಕ್ತಿ ಕಮ್ಮಿ ಆಗಿದೆ ಅಂದರು. ವಿಶ್ವ ಆರೋಗ್ಯ ಸಂಸ್ಥೆ 65 ದಾಟಿದವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥದ್ದು, ಜೊತೆಗೆ ಬೀಳದ ಹಾಗೆ ಬ್ಯಾಲೆನ್ಸ್ ವ್ಯಾಯಾಮ 3 ದಿನವಾದರೂ ಮಾಡಿ ಅನ್ನುತ್ತದೆ. ಓದಿ ಹೇಳಿದೆ. ಅಪ್ಪ ಚಾನೆಲ್ ಬದಲಿಸಿದರು.

ಹೋದ ತಿಂಗಳು ಟೆರೇಸಿನಲ್ಲಿ ಹತ್ತು ಕುಂಡ ಇಟ್ಟೆ. ನಾನು ಬದನೆ ಸಸಿ ತಪ್ಪಾಗಿ ನೆಟ್ಟಿದ್ದೇನೆ ಅಂತ ಬೈಯೋದಕ್ಕಾದರೂ ಈಗ ದಿನಾ ಎರಡು ಮಹಡಿ ಹತ್ತುತ್ತಾರೆ! ಇಷ್ಟು ಸಾಕಾ? ಬಸವನಗುಡಿ ಕಡೆ ಮನೆಗೆ ಬರುವ ಫಿಸಿಯೋ, ಇಲ್ಲಾ ಕೃಷ್ಣರಾವ್ ಪಾರ್ಕಿನಲ್ಲಿ ಬೆಳಿಗ್ಗೆ ಸೇರುವ ಹಿರಿಯರು ಗೊತ್ತಿದ್ದರೆ ತಿಳಿಸಿ. ಅಡಿಕೆ ರೇಟಿನ ಬಗ್ಗೆ ಮಾತಾಡುವವರಾದರೆ ಇನ್ನೂ ಒಳ್ಳೆಯದು.