ಡಯಾಲಿಸಿಸ್‌ನಲ್ಲಿ ಇರುವವರಿಗೆ ಹಸಿವು ಯಾಕೆ ಆಗಲ್ಲ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ಅಪ್ಪನಿಗೆ 58 ವರ್ಷ, ತೂಕ 50 ಕೆಜಿ, ವಾರಕ್ಕೆ ಎರಡು ಡಯಾಲಿಸಿಸ್. ನಾಲ್ಕು ತುತ್ತು ತಿಂದು ಸಾಕು ಅಂತಾರೆ. ಕಿಡ್ನಿ ಹೋದವರಲ್ಲಿ ಹಸಿವಿನ ಹಾರ್ಮೋನ್ ಗ್ರೆಲಿನ್ ಜಾಸ್ತಿ ಇರುತ್ತೆ ಅಂತ ಓದಿದೆ. ಹಾಗಿದ್ರೆ ಹಸಿವೂ ಜಾಸ್ತಿ ಆಗ್ಬೇಕಲ್ವಾ? ಅದರ ಟೆಸ್ಟ್ ಮಾಡಿಸಬೇಕಾ?

ನೆಫ್ರಾಲಜಿಸ್ಟ್: ಟೆಸ್ಟ್ ಬೇಡ, ದುಡ್ಡು ದಂಡ. ಗ್ರೆಲಿನ್‌ನಲ್ಲಿ ಎರಡು ಬಗೆ. ಹಸಿವು ಎಬ್ಬಿಸುವುದು ಅಸೈಲ್ ಗ್ರೆಲಿನ್. ರಕ್ತದಲ್ಲಿ ಹೆಚ್ಚು ಸೇರಿಕೊಳ್ಳುವುದು ಡೆಸ್-ಅಸೈಲ್ ಎಂಬ ಇನ್ನೊಂದು ಬಗೆ. ಅದನ್ನು ಹೊರಹಾಕಬೇಕಾದ ಕಿಡ್ನಿ ಕೆಲಸ ನಿಲ್ಲಿಸಿರುತ್ತದೆ. ಒಟ್ಟು ಲೆಕ್ಕ ಏರಿದಂತೆ ಕಂಡರೂ ಹಸಿವು ಏರುವುದಿಲ್ಲ. ಇನ್ನೊಂದು ಕಡೆ, ಕೊಬ್ಬಿನಿಂದ ಬರುವ ಲೆಪ್ಟಿನ್, ಕರುಳಿನ ಕೋಲಿಸಿಸ್ಟೊಕೈನಿನ್ ಎರಡೂ 'ಹೊಟ್ಟೆ ತುಂಬಿತು' ಎಂದು ಮಿದುಳಿಗೆ ಹೇಳುವಂಥವು. ಅವೂ ಉಳಿದುಬಿಡುತ್ತವೆ. ಲೆಪ್ಟಿನ್ ಅಣು ದೊಡ್ಡದು, ಸುಮಾರು 16 ಕಿಲೋಡಾಲ್ಟನ್ (ಅಣುವಿನ ತೂಕದ ಅಳತೆ). ಸಣ್ಣ ರಂಧ್ರಗಳ ಲೋ-ಫ್ಲಕ್ಸ್ ಡಯಾಲೈಸರ್‌ನಲ್ಲಿ (ರಕ್ತ ಶೋಧಿಸುವ ಫಿಲ್ಟರ್) ತೂರುವುದಿಲ್ಲ. ದೊಡ್ಡ ರಂಧ್ರಗಳ ಹೈ-ಫ್ಲಕ್ಸ್‌ನಲ್ಲಿ ಸ್ವಲ್ಪ ಇಳಿಯುತ್ತದೆ.

ಹಾರ್ಮೋನಿಗೆ ನೇರ ಮದ್ದಿಲ್ಲ, ಅದನ್ನು ಕೆಡಿಸುವ ಕಾರಣಗಳಿಗೆ ಇದೆ. ಡಯಾಲಿಸಿಸ್‌ಗೆ ಮುಂಚೆ ತೆಗೆದ ರಕ್ತದಲ್ಲಿ ಬೈಕಾರ್ಬನೇಟ್ (ರಕ್ತದ ಆಮ್ಲವನ್ನು ತಡೆಯುವ ಕ್ಷಾರ) 22 mEq/Lಗಿಂತ ಕಡಿಮೆಯೇ ನೋಡಿಸಿ. Kt/V (ಒಂದು ಸಲದ ಡಯಾಲಿಸಿಸ್ ರಕ್ತವನ್ನು ಎಷ್ಟು ಶುದ್ಧ ಮಾಡಿತು ಎಂಬ ಅಳತೆ) ಕೇಳಿ: ವಾರಕ್ಕೆ ಮೂರು ಸಲ ಮಾಡಿಸುವವರಿಗೇ ಪ್ರತಿ ಸಲ ಕನಿಷ್ಠ 1.2 ಬೇಕು. ಎರಡೇ ಸಲ, ಮೂತ್ರವೂ ನಿಂತಿದೆ ಅಂದರೆ ಅಷ್ಟು ಸಾಲದು. ಅಲ್ಲಿಂದಲೇ ಶುರು ಮಾಡಿ. ಕತ್ತಿನಲ್ಲಿ ಡಯಾಲಿಸಿಸ್‌ನ ಕ್ಯಾತೆಟರ್ (ಕೊಳವೆ) ಇದ್ದರೆ ಒಳಗೊಳಗೇ ಸೋಂಕು ಇದೆಯೇ ನೋಡಬೇಕು; ಉರಿಯೂತವೂ ಹಸಿವನ್ನು ಕೊಲ್ಲುತ್ತದೆ.

ಪ್ರಶ್ನೆ: ತೂಕ ಏನೂ ಇಳಿದಿಲ್ಲ ಸರ್, ಆರು ತಿಂಗಳಿಂದ 50 ಕೆಜಿನೇ.

ನೆಫ್ರಾಲಜಿಸ್ಟ್: ಮೋಸ ಹೋಗುವುದು ಇಲ್ಲೇ. ಮಾಂಸ ಕರಗುತ್ತದೆ, ಆ ಜಾಗಕ್ಕೆ ನೀರು ಬರುತ್ತದೆ, ತಕ್ಕಡಿಗೆ ಗೊತ್ತಾಗುವುದಿಲ್ಲ. ಬಿಪಿ ಏರಿದ್ದರೆ, ಮಲಗಿದರೆ ಉಸಿರು ಕಟ್ಟುತ್ತಿದ್ದರೆ ಡ್ರೈ ವೇಟ್ (ಹೆಚ್ಚುವರಿ ನೀರು ತೆಗೆದ ಮೇಲಿನ ತೂಕ) ಮತ್ತೆ ಲೆಕ್ಕ ಹಾಕಿಸಿ, ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ. ತೋಳು, ತೊಡೆ ಸಣ್ಣಗಾಗಿವೆಯೇ ಗಮನಿಸಿ.

ಡಯಟಿಷಿಯನ್: ಡಯಾಲಿಸಿಸ್ ಶುರುವಾಗುವ ಮುಂಚೆ ಬರೆದುಕೊಟ್ಟ 'ಪ್ರೋಟೀನ್ ಕಡಿಮೆ' ಚೀಟಿಯನ್ನೇ ಇನ್ನೂ ಪಾಲಿಸುತ್ತಿದ್ದರೆ ಬಿಟ್ಟುಬಿಡಿ. ಈಗ ಕೆಜಿಗೆ 1ರಿಂದ 1.2 ಗ್ರಾಂ, ಅಂದರೆ ಅವರಿಗೆ ದಿನಕ್ಕೆ 50–60 ಗ್ರಾಂ. ಒಂದು ಮೊಟ್ಟೆ ಬಿಳಿಯಲ್ಲಿ ಸುಮಾರು 3.5 ಗ್ರಾಂ ಸಿಗುತ್ತದೆ, ರಂಜಕವೂ ಕಮ್ಮಿ. ತಟ್ಟೆ ತುಂಬ ಬಡಿಸಬೇಡಿ, ಐದಾರು ಸಲ ಸಣ್ಣ ಸಣ್ಣದಾಗಿ ಕೊಡಿ. ಊಟಕ್ಕೆ ಮುಂಚೆ ಮಜ್ಜಿಗೆ, ಸಾರು ಕುಡಿಸಿದರೆ ಅದರಲ್ಲೇ ಹೊಟ್ಟೆ ತುಂಬುತ್ತದೆ. ದಿನದ ನೀರಿನ ಲೆಕ್ಕಕ್ಕೂ ಅವು ಸೇರುತ್ತವೆ.

ಪ್ರಶ್ನೆ: ಮೆಡಿಕಲ್ ಶಾಪ್‌ನಲ್ಲಿ ಹಸಿವಿನ ಸಿರಪ್ ಕೊಟ್ಟಿದ್ದಾರೆ, ಕೊಡಬಹುದಾ?

ನೆಫ್ರಾಲಜಿಸ್ಟ್: ಬಾಟಲಿ ಮೇಲೆ ಸೈಪ್ರೋಹೆಪ್ಟಡಿನ್ ಅಂತ ಇದೆಯಾ ನೋಡಿ. ಅದು ಕಿಡ್ನಿ ಮೂಲಕ ಹೋಗಬೇಕಾದದ್ದು, ಇವರಲ್ಲಿ ದೇಹದಲ್ಲೇ ಉಳಿದು ಮಂಪರು ತರುತ್ತದೆ. ಪ್ರಾಸ್ಟೇಟ್ ತೊಂದರೆ ಇದ್ದರೆ ಮೂತ್ರವೂ ಕಟ್ಟಬಹುದು. ನಿಮ್ಮ ಡಾಕ್ಟರಿಗೆ ತೋರಿಸುವವರೆಗೆ ಮುಚ್ಚಳ ತೆಗೆಯಬೇಡಿ.